ಅಪ್ಪ ಹಿಂದೆ ಬರಬಾರದು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಬೂಟಿನ ದಾರ. ಆ ಬೆಳಗ್ಗೆ ದರ್ಜಿ ಎಂದಿನಂತೆ ಮಗನ ಮುಂದೆ ಮಂಡಿಯೂರಿ ಕೂತು ಕೈ ಚಾಚಿದ. ಮಗ ಕಾಲು ಹಿಂದಕ್ಕೆಳೆದುಕೊಂಡ.

“ಬೇಡಪ್ಪ. ನಾನೇ ಕಟ್ಕೋತೀನಿ. ಮಿಸ್ ಹೇಳಿಕೊಟ್ಟಿದ್ದಾರೆ.”

ಕಟ್ಟಿಯೂ ಬಿಟ್ಟ. ನಾಲಿಗೆ ತುದಿ ಹೊರಗೆ ಹಾಕಿಕೊಂಡು, ಸುತ್ತು, ತೂರಿಸು, ಎಳಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ನಿಧಾನವಾಗಿ. ನೋಡಿದರೆ ಗಂಟು ದರ್ಜಿಯ ಗಂಟಿಗಿಂತ ಒಂದು ಕೈ ಮೇಲೇ ಇತ್ತು. ದರ್ಜಿ ಏಳುವುದೋ ಕೂರುವುದೋ ತಿಳಿಯದೆ, ಬಿದ್ದ ಸೂಜಿ ಹುಡುಕುವವನ ಹಾಗೆ ನೆಲ ಸವರಿದ.

ಅವನ ಸಂಕಟ ಅವನಿಗೇ ಗೊತ್ತು. ಮಗನಿಗೆ ಈಗ ಹತ್ತೊಂಬತ್ತು. ಮಾತು ಸ್ವಲ್ಪ ನಿಧಾನ, ಲೆಕ್ಕ ಇನ್ನೂ ನಿಧಾನ, ಹುಟ್ಟಿದಂದಿನಿಂದ ಹಾಗೇ. ಇಷ್ಟು ವರ್ಷ ಅವನ ಗುಂಡಿ ಹಾಕಿದ್ದು ಅಪ್ಪ, ತಲೆ ಬಾಚಿದ್ದು ಅಪ್ಪ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಿಶೇಷ ಶಾಲೆಗೆ ಬಿಟ್ಟು ಕರೆತಂದಿದ್ದು ಅಪ್ಪ. ಈ ವರ್ಷ ಶಾಲೆ ಮುಗಿಯುತ್ತದೆ, ಮುಂದೇನು ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದವನೂ ಅಪ್ಪನೇ. ಅಷ್ಟರಲ್ಲಿ ಎಲ್ಲಿಂದಲೋ ಬಂದಳು ಈ ಮಿಸ್. ಕೊನೇ ವರ್ಷದ ಮಕ್ಕಳಿಗೆ ಬಸ್ಸು ಹತ್ತುವುದು, ಸಾಮಾನು ತರುವುದು, ಕೆಲಸ ಮಾಡುವುದು ಕಲಿಸಿ, ಒಂದು ಕಡೆ ಕೆಲಸಕ್ಕೆ ಸೇರಿಸುವುದೇ ಅವಳ ಉದ್ಯೋಗ. ಬಂದು ಆರು ತಿಂಗಳಾಗಿಲ್ಲ, ಮಗನ ಬಾಯಲ್ಲಿ ಎದ್ದರೆ ಮಿಸ್, ಕೂತರೆ ಮಿಸ್.

“ಬರ್ತೀಯಾ ಪಾಪು, ಸ್ಟಾಪಿನವರೆಗೂ ನಾನು—”

“ಪಾಪು ಅನ್ನಬಾರದು. ಕೆಲಸಕ್ಕೆ ಹೋಗೋರನ್ನ ಹಾಗೆ ಕರೀಬಾರದಂತೆ. ಮಿಸ್ ಹೇಳಿದ್ರು.”

ದರ್ಜಿ ಹಲ್ಲು ಕಡಿದ. ಆ ದಿನ ಮಗ ಒಬ್ಬನೇ ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ, ಅಲ್ಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಇಡೀ ದಿನ ಹೊದಿಕೆ ಮಡಚಿ, ಒಬ್ಬನೇ ವಾಪಸು ಬರಬೇಕಿತ್ತು. ಇದೊಂದು ಪರೀಕ್ಷೆ ಪಾಸಾದರೆ ಸೋಮವಾರದಿಂದ ಖಾಯಂ ಕೆಲಸ. ಮಿಸ್ ಹಿಂದಿನ ದಿನ ಮನೆಗೇ ಬಂದು ಗಂಡಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: “ಮನೆಯವರು ಯಾರೂ ಹಿಂದೆ ಹೋಗಬಾರದು. ಹೋದ್ರೆ ಪರೀಕ್ಷೆ ಕೆಟ್ಟ ಹಾಗೆ.” ದರ್ಜಿ ಹೂಂ ಅಂದಿದ್ದ. ಗಂಟಲಿನಿಂದ ಅಂದಿದ್ದ, ಮನಸ್ಸಿನಿಂದಲ್ಲ.

ಮಗ ಬಾಗಿಲು ದಾಟಿದ. ಹೆಂಡತಿ ಚಾಪೆ ಬಿಡಿಸಿ ಅಡ್ಡಾದಳು.

“ಏನೇ ಇದು, ಮಗ ಒಬ್ಬನೇ ಹೋಗಿದ್ದಾನೆ, ನೀನು ಮಲಗಿದೀಯಲ್ಲೇ!”

“ಹತ್ತೊಂಬತ್ತು ವರ್ಷ ಆದ್ಮೇಲೆ ನಂಗೊಂದು ಬೆಳಗ್ಗೆ ಸಿಕ್ಕಿದೆ. ಸುಮ್ನಿರಿ.”

“ದಾರ ಮುಗಿದಿದೆ, ತರ್ತೀನಿ” ಎಂದು ದರ್ಜಿ ಅಂಗಡಿ ಕೋಣೆಗೆ ನುಗ್ಗಿದ. ಮಗನ ಕಣ್ಣಿಗೆ ಬೀಳದಂತೆ ಹೋಗುವುದು ಹೇಗೆ? ಗೂಟದಲ್ಲಿ ಲಾಯರ್ ಸಾಹೇಬರ ಹೊಸ ಕರಿ ಕೋಟು ನೇತಾಡುತ್ತಿತ್ತು. ಇನ್ನೂ ಅರ್ಧ ಕೆಲಸವಾಗಿದ್ದ ಕೋಟು. ಹಾಕಿಕೊಂಡ. ಯಾರೋ ಬಿಟ್ಟುಹೋಗಿದ್ದ ಟೋಪಿ ಕಣ್ಣಿನವರೆಗೆ ಎಳೆದುಕೊಂಡ. ಒಂದು ಹಳೇ ಪೇಪರು ಕಂಕುಳಲ್ಲಿ. ನಿಜ ಹೇಳಬೇಕೆಂದರೆ ಅವನಿಗೆ ಇದ್ದದ್ದು ಬರೀ ಕಾಳಜಿಯಲ್ಲ. ಮಗ ಎಲ್ಲಾದರೂ ಒಂದು ಕಡೆ ತಬ್ಬಿಬ್ಬಾಗಲಿ, ‘ಅಪ್ಪಾ’ ಎಂದು ಒಂದೇ ಒಂದು ಸಲ ಕೂಗಲಿ, ಆಗ ತಾನು ಹಾರಿ ಹೋಗಿ ಕೈ ಹಿಡಿಯಬೇಕು, ಆ ಮಿಸ್ಸಿನ ಮುಖ ಸಪ್ಪಗಾಗಬೇಕು.

ಮೆಟ್ಟಿಲಿಳಿಯುವಾಗಲೇ ಮಹಡಿ ಮನೆಯಾಕೆ ಬಗ್ಗಿದಳು. “ಏನ್ರೀ, ಈ ಬಿಸಿಲಲ್ಲಿ ಕೋಟು? ಯಾರ ಮದುವೆ?”

“ಶ್! ಚಳಿಜ್ವರ.”

“ಅಯ್ಯೋ! ಅಲ್ಲಾ, ನಿಮ್ಮ ಹುಡುಗ ಒಬ್ಬನೇ ಹೋಗ್ತಿದ್ದ, ನೋಡಿ ಹೊಟ್ಟೆ ತಣ್ಣಗಾಯ್ತು! ಇಷ್ಟು ವರ್ಷ ನಿಮ್ಮ ಕೈಲಿ ಆಗದೇ ಇದ್ದದ್ದನ್ನ ಆ ಮಿಸ್ ಮಾಡಿಬಿಟ್ರಲ್ಲ!”

ಆಕೆಯ ಹೊಟ್ಟೆ ತಣ್ಣಗಾದಷ್ಟೂ ದರ್ಜಿಯ ಹೊಟ್ಟೆ ಉರಿಯಿತು.

ಸ್ಟಾಪಿನಲ್ಲಿ ಅವನು ಕಂಬದ ಹಿಂದೆ ನಿಂತ. ತಪ್ಪು ಬಸ್ಸು ಬಂತು. ಮಗ ಹತ್ತಲಿಲ್ಲ. ಇನ್ನೊಂದು ತಪ್ಪು ಬಸ್ಸು ಬಂತು. ಹತ್ತಪ್ಪ, ಹತ್ತು ಎಂದು ದರ್ಜಿಯ ಒಳಮನಸ್ಸು ಪಿಸುಗುಟ್ಟಿತು. ಅದಕ್ಕೂ ಹತ್ತಲಿಲ್ಲ. ಸರಿಯಾದ ಬಸ್ಸು ಬಂದಾಗ ಸಾಲಿನಲ್ಲಿ ನಿಂತು ಹತ್ತಿ, ಚಿಲ್ಲರೆ ಕೊಟ್ಟು, “ದೊಡ್ಡಾಸ್ಪತ್ರೆ, ಒಂದು” ಎಂದು ಟಿಕೆಟ್ ತೆಗೆದುಕೊಂಡು, ಮುಂದಿನ ಸೀಟಿನಲ್ಲಿ ಕೂತ. ದರ್ಜಿ ಹಿಂಬಾಗಿಲಿನಿಂದ ತೂರಿಕೊಂಡ.

“ಎಲ್ಲಿಗೆ?” ಕಂಡಕ್ಟರ್ ಕೇಳಿದ.

ಬಾಯಿ ತೆರೆದರೆ ಮಗನಿಗೆ ದನಿ ಗುರುತು ಸಿಗುತ್ತದೆ. ದರ್ಜಿ ಕೈ ಆಡಿಸಿ ಮುಂದಕ್ಕೆ ತೋರಿಸಿದ.

“ಎಲ್ಲಿಗೆ ಅಂದ್ರೆ?”

ದರ್ಜಿ ಎದೆ ಮುಟ್ಟಿಕೊಂಡು ರೋಗಿಯ ಹಾಗೆ ಕೆಮ್ಮಿ, ದೊಡ್ಡದೊಂದು ಕಟ್ಟಡವನ್ನು ಗಾಳಿಯಲ್ಲಿ ಬರೆದು ತೋರಿಸಿದ.

“ಓ, ಆಸ್ಪತ್ರೆ! ಮಾತು ಬರಲ್ವಾ? ಮೊದಲೇ ಹೇಳಬಾರದಾ!” ಕಂಡಕ್ಟರ್ ಒಳ್ಳೆಯ ಮನುಷ್ಯ, ಒಳ್ಳೆಯತನದಲ್ಲಿ ಯಾರ ಮಾತೂ ಕೇಳುವವನಲ್ಲ. “ನಿಂತ್ಕೊಂಡು ಯಾಕೆ ಒದ್ದಾಡ್ತೀರಿ? ನಿಮ್ಮಂಥವರಿಗೇ ಅಂತ ಸೀಟು ಇಟ್ಟಿದೀವಲ್ಲ! ಜರುಗ್ರಿ, ದಾರಿ ಬಿಡ್ರಿ!” ಎಂದು ರಟ್ಟೆ ಹಿಡಿದು, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದವನನ್ನು ಮುಂದಕ್ಕೆ ಎಳೆದುಕೊಂಡು ಹೋಗಿ, ಅಂಗವಿಕಲರಿಗೆ ಮೀಸಲಾದ ಸೀಟಿನಲ್ಲಿ ಕೂರಿಸಿದ. ಮಗನ ಪಕ್ಕದಲ್ಲಿ.

ದರ್ಜಿ ಪೇಪರು ಬಿಡಿಸಿ ಮುಖ ಮುಚ್ಚಿಕೊಂಡ. ಬೆನ್ನಲ್ಲಿ ಬೆವರು ಇಳಿಯಿತು. ಸ್ವಲ್ಪ ಹೊತ್ತಿಗೆ ಪಕ್ಕದಿಂದ ಒಂದು ಬೆರಳು ಪೇಪರನ್ನು ಮೆಲ್ಲಗೆ ತಟ್ಟಿತು.

“ನೋ-ಡಿ,” ಮಗ ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಹೇಳಿದ, ಜನ ಇಷ್ಟು ವರ್ಷ ತನಗೆ ಹೇಳುತ್ತಿದ್ದ ಹಾಗೆ. “ಇ-ದು ಗಂ-ಟೆ. ಇಳಿಯೋಕೆ ಮುಂಚೆ ಒತ್ತಬೇಕು. ಹೆದರಬೇಡಿ. ನಂಗೂ ಮೊದಲು ಹೆದರಿಕೆ ಆಗಿತ್ತು.”

ದರ್ಜಿ ಪೇಪರಿನ ಹಿಂದೆ ತಲೆಯಾಡಿಸಿದ. ನಂಗೆ ಹೆದರಿಕೆ ಅಂತ ಇವನು ಒಂದು ದಿನವೂ ನನ್ನ ಹತ್ತಿರ ಹೇಳಿರಲಿಲ್ಲವಲ್ಲ, ಅದನ್ನೂ ಆ ಮಿಸ್ ಹತ್ತಿರವೇ ಹೇಳಿಕೊಂಡನೇ ಎಂದು ಹೊಟ್ಟೆಕಿಚ್ಚು ಭಗ್ಗೆಂದಿತು.

ಮುಂದಿನ ಸ್ಟಾಪಿನಲ್ಲಿ ಹತ್ತಿದವರು ಯಾರು ಅಂತೀರಿ? ಲಾಯರ್ ಸಾಹೇಬರು! ಅವರು ಮೊದಲು ಕೋಟು ನೋಡಿದರು, ಆಮೇಲೆ ಇನ್ನೊಮ್ಮೆ ನೋಡಿದರು.

“ರೀ! ಎದ್ದೇಳ್ರೀ! ಈ ಬಟ್ಟೆ ನಂದು! ನಾನೇ ಆರಿಸಿ ಕೊಟ್ಟಿದ್ದು! ಎಲ್ಲಿ ಕದ್ರಿ ಇದನ್ನ?”

ದರ್ಜಿ ಪೇಪರು ಬಿಡಲಿಲ್ಲ. ಸಾಹೇಬರು ತೋಳು ಹಿಡಿದು ಎಳೆದರು. ಕಚ್ಚಾ ಹೊಲಿಗೆಯ ತೋಳು, ಟಕಟಕ ದಾರ ಬಿಚ್ಚಿಕೊಂಡು ಇಡಿಯಾಗಿ ಅವರ ಕೈಗೆ ಬಂತು. ತೋಳು ಹಿಡಿದುಕೊಂಡು ಸಾಹೇಬರು ಹಿಂದೆ ನಿಂತಿದ್ದ ತರಕಾರಿಯವಳ ಬುಟ್ಟಿಯಲ್ಲಿ ಕೂತರು. ಕೋಟಿನೊಳಗಿದ್ದ ಗುಂಡುಪಿನ್ನುಗಳು ದರ್ಜಿಯ ಪಕ್ಕೆಗೆ ಚುಚ್ಚಿದವು. ಮಾತು ಬಾರದವನು ಕೂಗುವ ಹಾಗಿಲ್ಲವಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತ.

“ಪಾಪದವನ ಮೇಲೆ ಕೈ ಮಾಡ್ತೀರಾ?” ಕಂಡಕ್ಟರ್ ಗದರಿದ. “ಕಳ್ಳ ಕಣ್ರೀ!” ಎಂದರು ಸಾಹೇಬರು, ಟೊಮೇಟೊ ನಡುವಿನಿಂದ. ಬಸ್ಸಿಗೆ ಬಸ್ಸೇ ಎರಡು ಪಕ್ಷವಾಯಿತು. ಈ ಗದ್ದಲದಲ್ಲಿ ಮಗ ಎದ್ದು, ಗಂಟೆ ಒತ್ತಿ, “ನನ್ನ ಸ್ಟಾಪು ಬಂತು, ದಾರಿ ಬಿಡಿ” ಎಂದು ಇಳಿದು, ಎಡಕ್ಕೂ ಬಲಕ್ಕೂ ನೋಡಿ ರಸ್ತೆ ದಾಟಿದ. ತಬ್ಬಿಬ್ಬಾಗಲಿಲ್ಲ. ಅಪ್ಪಾ ಅನ್ನಲಿಲ್ಲ. ತಿರುಗಿಯೂ ನೋಡಲಿಲ್ಲ.

ಬಸ್ಸು ಹೊರಟ ಮೇಲೆ ದರ್ಜಿ ಬಾಯಿ ಬಿಟ್ಟ. “ಸಾಹೇಬ್ರೇ, ನಾನು ನಿಮ್ಮ ದರ್ಜಿ!”

ಅದರಿಂದ ಇನ್ನೂ ಕೆಟ್ಟಿತು. ಕಂಡಕ್ಟರ್‌ಗೆ ಕೋಪ ನೆತ್ತಿಗೇರಿತು. “ಮಾತು ಬರುತ್ತಾ? ಬಂದೂ ಆ ಸೀಟಲ್ಲಿ ಕೂತಿದ್ಯಾ? ನಾಚಿಕೆ ಆಗಲ್ವಾ?” ಕೂರಿಸಿದವನು ತಾನೇ ಎಂಬುದು ಅವನಿಗೆ ಮರೆತೇ ಹೋಗಿತ್ತು. ಮುಂದಿನ ತಿರುವಿನಲ್ಲಿ ದರ್ಜಿಯನ್ನು ಇಳಿಸಿದರು. ಕೋಟು ಸಾಹೇಬರ ಪಾಲಾಯಿತು, ಇನ್ನು ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ ಎಂಬ ಮಾತಿನ ಸಮೇತ.

ಬುದ್ಧಿ ಇದ್ದವನು ಅಲ್ಲಿಂದ ಮನೆಗೆ ಹೋಗುತ್ತಿದ್ದ. ದರ್ಜಿ ಆಸ್ಪತ್ರೆಗೆ ಹೋದ.

ಒಗೆಯುವ ವಿಭಾಗ ಹಿತ್ತಲ ಕಡೆ. ಕಿಟಕಿ ಎತ್ತರ. ಕೊಳೆ ಹೊದಿಕೆ ತುಂಬಿದ ತಳ್ಳುಗಾಡಿಯೊಂದು ಇಳಿಜಾರಿನ ತುದಿಯಲ್ಲಿ ನಿಂತಿತ್ತು. ಅದರ ಮೇಲೆ ಹತ್ತಿ ಇಣುಕಿದ. ಒಳಗೆ ಹಬೆ, ಯಂತ್ರಗಳ ಗುಂಯ್‌ಗುಡುವಿಕೆ. ಉದ್ದದ ಮೇಜಿನ ಹತ್ತಿರ ಮಗ, ಎದುರಿಗೆ ಇಬ್ಬರು ಹೆಂಗಸರು. ತುದಿಗೆ ತುದಿ ಸೇರಿಸಿ, ಅಂಗೈಯಿಂದ ನೇವರಿಸಿ ಮಡಚುತ್ತಿದ್ದಾನೆ. ಒಬ್ಬಾಕೆ ಏನೋ ಅಂದಳು. ಮಗ ತಲೆ ಹಿಂದಕ್ಕೆ ಹಾಕಿ ನಕ್ಕ.

ದರ್ಜಿ ಆ ಕೈಗಳನ್ನೇ ನೋಡಿದ. ಹುಟ್ಟಿದಾಗಿನಿಂದ ಬಟ್ಟೆಯ ಮಧ್ಯೆ ಬೆಳೆದ ಹುಡುಗ. ಕೊಳೆಯಾಗುತ್ತೆ, ಕತ್ತರಿ ತಾಗುತ್ತೆ ಎಂದು ತಾನು ಒಂದು ತುಂಡು ಬಟ್ಟೆ ಮುಟ್ಟಲು ಬಿಟ್ಟಿರಲಿಲ್ಲ. ಈಗ ನೋಡಿದರೆ ಆ ಕೈಯಲ್ಲಿ ತನ್ನದೇ ಕೈಯ ನಯ ಇತ್ತು, ಕಂಡುಹಿಡಿದವಳು ಮಾತ್ರ ಬೇರೆಯವಳು. ಇನ್ನೂ ಚೆನ್ನಾಗಿ ನೋಡಬೇಕೆಂದು ಹಿಮ್ಮಡಿ ಎತ್ತಿದ. ಗಾಡಿ ಉರುಳಿತು.

ಇಳಿಜಾರು ನೇರ ಬಾಗಿಲಿಗೆ. ಬಾಗಿಲು ತಳ್ಳಿದರೆ ತೆರೆಯುವಂಥದ್ದು. ದರ್ಜಿ ಒಳಗೆ ಬಂದ ವೇಗಕ್ಕೆ ಹೆಂಗಸರು ಕಿರುಚಿದರು, ಗಾಡಿ ಮೇಜಿಗೆ ಬಡಿಯಿತು, ಹೊದಿಕೆಗಳೆಲ್ಲ ಅವನ ಮೇಲೆ ಬಿದ್ದವು. ಕಾವಲುಗಾರ ಓಡಿಬಂದು ರಾಶಿಯೊಳಗಿಂದ ಅವನನ್ನು ಎಳೆದು ನಿಲ್ಲಿಸಿದ. ತಲೆಯಿಂದ ಕಾಲಿನವರೆಗೆ ಹೊದಿಕೆ, ಕಣ್ಣೆರಡು ಮಾತ್ರ ಹೊರಗೆ.

“ಯಾರೋ ನೀನು? ಯಾವ ವಾರ್ಡಿಂದ ತಪ್ಪಿಸಿಕೊಂಡೆ?” ದರ್ಜಿ ಹೊದಿಕೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಕಾವಲುಗಾರ ಸುತ್ತಲೂ ನೋಡಿದ. “ಇವನು ಯಾರಿಗಾದ್ರೂ ಗೊತ್ತಾ? ಪೋಲೀಸಿಗೆ ಕೊಡ್ಲಾ?”

ಮಗ ಒಂದು ಹೆಜ್ಜೆ ಮುಂದೆ ಬಂದ. ಈಗ ಅಪ್ಪಾ ಅಂದುಬಿಟ್ಟರೆ ಪರೀಕ್ಷೆ ಹೋಯಿತು, ಸೋಮವಾರದ ಕೆಲಸ ಹೋಯಿತು. ಬೆಳಗ್ಗಿನಿಂದ ಯಾವ ಮಾತಿಗಾಗಿ ಕಿವಿ ತೆರೆದುಕೊಂಡು ಅಲೆದಿದ್ದನೋ ಆ ಮಾತು ಬೇಡ ದೇವರೇ ಎಂದು ಬೇಡಿಕೊಂಡು, ದರ್ಜಿ ಮಗನನ್ನೇ ನೋಡುತ್ತ, ಬೇಡ, ಬೇಡ ಎಂದು ಜೋರಾಗಿ ತಲೆಯಾಡಿಸಿದ.

ಮಗ ಆ ಎರಡು ಕಣ್ಣುಗಳನ್ನು ನೋಡಿದ. “ಬಸ್ಸಲ್ಲಿ ನನ್ನ ಪಕ್ಕ ಕೂತಿದ್ರು,” ಅಂದ. “ಪೋಲೀಸ್ ಬೇಡ. ಪಾಪ, ಇವತ್ತು ಅವರಿಗೆ ಮಾತು ಬರಲ್ಲ.”

ಕಾವಲುಗಾರ ಕರಗಿ, ಒಂದು ಲೋಟ ಟೀ ಕುಡಿಸಿ ಗೇಟಿನ ಆಚೆ ಬಿಟ್ಟ. ದರ್ಜಿ ಕುಂಟುತ್ತ ಮನೆ ದಾರಿ ಹಿಡಿದ. ಕೆಲಸ ಉಳಿಯಿತು, ಸರಿ. ಆದರೆ ಹೆತ್ತ ಅಪ್ಪನ ಕಣ್ಣು ನೋಡಿಯೂ ಗುರುತು ಸಿಗಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡ. ಆ ಮಿಸ್ಸಿನ ಕಣ್ಣಾಗಿದ್ದರೆ ಸಿಗುತ್ತಿತ್ತು ಎಂದೂ ಅನಿಸಿತು.

ಸಂಜೆ ಮಗ ಹೊತ್ತಿಗೆ ಸರಿಯಾಗಿ ಬಂದ. ಹಿಂದೆಯೇ ಮಿಸ್ ಬಂದಳು. ಹೆಂಡತಿ ಟೀ ತಂದಿಟ್ಟಳು. ದರ್ಜಿ ಹೊಸ ದಾರದ ಉಂಡೆಯೊಂದನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಕೂತಿದ್ದ.

“ಪಾಸಾ ಮಿಸ್?” ಹೆಂಡತಿ ಕೇಳಿದಳು.

“ಇವನಾ? ಇವನು ಹೋದ ವಾರವೇ ಪಾಸು. ಮೂರು ದಿನ ಶಾಲೆಯಿಂದ ಒಬ್ಬನೇ ಹೋಗಿ ಬಂದಿದ್ದಾನೆ, ಕೆಲಸ ಆಗಲೇ ಖಾಯಂ.” ಮಿಸ್ ಟೀ ಹೀರಿದಳು. “ಇವತ್ತಿನ ಪರೀಕ್ಷೆ ನಿಮ್ಮಿಬ್ಬರದು. ನಮ್ಮ ಶಾಲೇಲಿ ಮಕ್ಕಳು ಕೆಲಸ ಬಿಡೋದು ಅವರ ಕೈಲಿ ಆಗದೆ ಅಲ್ಲ, ಅಪ್ಪ ಅಮ್ಮ ಹಿಂದೆ ಹೋಗಿ ನಿಲ್ಲೋದರಿಂದ. ಅದಕ್ಕೇ ಕೊನೇಲಿ ಇದೊಂದು ಇಡ್ತೀವಿ. ಪರೀಕ್ಷೆ ಮಾಡೋನು ಇವನೇ. ಹೇಳಪ್ಪ.”

“ಅಮ್ಮ ಪಾಸು,” ಮಗ ಹೇಳಿದ. “ಅಪ್ಪ ಸ್ಟಾಪಿಗೆ ಬಂದ್ರು. ಬಸ್ಸಿಗೆ ಬಂದ್ರು. ಕೆಲಸಕ್ಕೂ ಬಂದ್ರು, ಗಾಡೀಲಿ.”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಿದ್ದು ಭುಜದಲ್ಲಿ ಕಂಡಿತು. ಇಡೀ ದಿನ ನಿದ್ದೆ ಮಾಡಿದವಳು ಪಾಸು! ಒಬ್ಬರ ಮೇಲೆ ಇದ್ದ ಹೊಟ್ಟೆಕಿಚ್ಚನ್ನು ಈಗ ಇಬ್ಬರಿಗೆ ಹಂಚಬೇಕಾಯಿತು.

“ಫೇಲಾದವರಿಗೆ ಪ್ರತಿ ಶನಿವಾರ ಕ್ಲಾಸು,” ಮಿಸ್ ಹೇಳಿದಳು. “ನಾನೇ ತಗೋತೀನಿ.”

ದರ್ಜಿಗೆ ಕ್ಲಾಸಿನ ಮಾತು ಕಿವಿಗೇ ಬೀಳಲಿಲ್ಲ. “ನನ್ನ... ನನ್ನ ಗುರುತು ಸಿಕ್ಕಿತ್ತೇನೋ ನಿಂಗೆ?”

“ಸ್ಟಾಪಲ್ಲೇ ಸಿಕ್ಕಿತ್ತು. ಕುತ್ತಿಗೇಲಿ ಅಳತೆ ಟೇಪು ನೇತಾಡ್ತಿತ್ತಲ್ಲಪ್ಪ.”

“ಮತ್ತೆ ಆ ಕಾವಲುಗಾರ ಕೇಳಿದಾಗ ಯಾಕೋ ಅಪ್ಪ ಅನ್ನಲಿಲ್ಲ?”

“ಮಿಸ್ ಮೊದಲೇ ಹೇಳಿದ್ರು, ಅಪ್ಪ ಕೆಲಸಕ್ಕೆ ಬಂದ್ರೆ ‘ಇವರು ನನ್ನಪ್ಪ, ಮನೆಗೆ ಕಳಿಸಿ’ ಅಂತ ಗಟ್ಟಿಯಾಗಿ ಹೇಳು ಅಂತ. ಹೇಳೋಕೆ ಹೋದೆ. ನೀನು ಬೇಡ ಅಂತ ತಲೆ ಆಡಿಸಿದೆ. ಮಿಸ್ ಮಾತು ಬಿಟ್ಟು ನಿನ್ನ ಮಾತು ಕೇಳಿದೆ.”

ದರ್ಜಿಯ ಮುಖ ಊರಗಲವಾಯಿತು. ಕಣ್ಣು ತುಂಬಿ ಬಂತು. ಆರು ತಿಂಗಳಲ್ಲಿ ಮೊದಲ ಸಲ ಮಿಸ್ಸಿನ ಕಡೆ ತಿರುಗಿ ಧೈರ್ಯವಾಗಿ ನೋಡಿದ. ನೋಡಿದೆಯಾ, ಎಂದಿತು ಆ ನೋಟ.

ಮಿಸ್ ಲೋಟ ಕೆಳಗಿಟ್ಟಳು. “ಹೌದು, ಇಡೀ ದಿನದಲ್ಲಿ ಇವನು ಮಾಡಿದ ತಪ್ಪು ಅದೊಂದೇ,” ಅಂದಳು. “ಇನ್ನೊಂದು ಸಲ ಹಾಗೆ ಮಾಡಲ್ಲ ಅಂತ ಈಗ ದಾರೀಲಿ ಮಾತು ಕೊಟ್ಟಿದ್ದಾನೆ.”