ಎಂಜಲುಗೈ ಬೇಟೆಗಾರ

ನಮ್ಮ ಆಫೀಸಿನಲ್ಲಿ ಬಡ್ತಿ ಕೊಡುತ್ತಿದ್ದುದು ಕೆಲಸ ನೋಡಿಯಲ್ಲ, ಊಟದ ಮೇಜು ನೋಡಿ. ನ್ಯೂಜೆರ್ಸಿಯ ಪಾರ್ಸಿಪನಿಯ ಆ ಪಂಪ್ ಕಂಪನಿಯ ಕ್ಯಾಂಟೀನಿನಲ್ಲಿ ಕಿಟಕಿಯ ಪಕ್ಕ ಒಂದು ಉದ್ದ ಮೇಜಿತ್ತು. ಅಲ್ಲಿ ನಮ್ಮ ಬಾಸ್ ಹ್ಯಾಗರ್ಟಿ ತನ್ನ ಬೇಟೆಗಾರ ಪರಿವಾರದೊಡನೆ ವಿರಾಜಮಾನನಾಗಿ, ಯಾರು ಯಾವ ಗುಡ್ಡದಲ್ಲಿ ಎಷ್ಟು ತೂಕದ ಕಾಡು ಟರ್ಕಿಕೋಳಿ ಹೊಡೆದರೆಂಬ ಪುರಾಣ ಹೇಳುತ್ತಿದ್ದ, ಕೇಳುತ್ತಿದ್ದ. ಅದುವರೆಗೆ ಗ್ರೂಪ್ ಲೀಡರ್ ಆದವರೆಲ್ಲ ಆ ಮೇಜಿನಿಂದ ಎದ್ದುಹೋದವರೇ. ನಾನು ಮಾತ್ರ ಕಸದ ಡಬ್ಬಿಯ ಪಕ್ಕದ ಮೇಜಿನಲ್ಲಿ ಚಪಾತಿ-ಪಲ್ಯ ತಿನ್ನುತ್ತ, ಆ ಮಹನೀಯರು ತಪ್ಪು ಮಾಡಿದ ಲೆಕ್ಕಗಳನ್ನು ತಿದ್ದುತ್ತಿದ್ದೆ.

೧೯೭೪ರ ಚಳಿಗಾಲದಲ್ಲಿ ಗ್ರೂಪ್ ಲೀಡರ್ ಜಾಗ ಮತ್ತೆ ಖಾಲಿಯಾಯಿತು. ಆಗ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. (ಹೊಳೆದದ್ದು ಬಚ್ಚಲುಮನೆಯಲ್ಲಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಯಾರ ಅಪ್ಪಣೆಯೂ ಇಲ್ಲದೆ ಯೋಚಿಸಬಹುದಾದ ಜಾಗ ಅದೊಂದೇ.) ನಾನೂ ಒಂದು ಟರ್ಕಿ ಹೊಡೆಯಬೇಕು, ಅದರ ಗರಿಯನ್ನು ಪೆನ್ ಸ್ಟ್ಯಾಂಡಿನಲ್ಲಿ ಸಿಕ್ಕಿಸಿಕೊಂಡು ಏನೂ ಆಗದವನಂತೆ ಕೂರಬೇಕು, ಹ್ಯಾಗರ್ಟಿ ಅದನ್ನು ನೋಡಿ, "ಪ್ರಾಣೇಶ್, ಬಾ, ನಮ್ಮ ಮೇಜಿಗೆ" ಅನ್ನಬೇಕು.

ನ್ಯೂಜೆರ್ಸಿಯಲ್ಲಿ ಆಗ ಟರ್ಕಿ ಬೇಟೆ ಇರಲಿಲ್ಲ. ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋದರೆ ಬೇಟೆಗೆಂದೇ ಬಿಟ್ಟ ಸರ್ಕಾರಿ ಕಾಡಿತ್ತು. ಹೊರರಾಜ್ಯದವನೆಂದು ದುಬಾರಿ ಲೈಸೆನ್ಸು ತೆತ್ತರೆ ನನ್ನಂಥವನೂ ಅಲ್ಲಿ ಹೋಗಿ ಕೂರಬಹುದು. ಹೌದು, ಕೂರುವುದೇ. ವಸಂತಕಾಲದ ಟರ್ಕಿ ಬೇಟೆಯೆಂದರೆ ಓಡುವುದಲ್ಲ, ಅಟ್ಟುವುದಲ್ಲ. ಬೆಳಕು ಹರಿಯುವ ಮುಂಚೆ ಮರಕ್ಕೊರಗಿ ಅಲ್ಲಾಡದೆ ಕೂತು, ಹೆಣ್ಣು ಟರ್ಕಿಯ ಹಾಗೆ ಸದ್ದು ಮಾಡಬೇಕು. ಗಂಡು ಮದುವೆಯಾಸೆಗೆ ಬರುತ್ತದೆ, ಗುಂಡು ತಿನ್ನುತ್ತದೆ. (ಸಂಸಾರಸ್ಥರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.)

ನಾನು ಇಂಜಿನಿಯರು. ಪ್ಲಾನ್ ಮಾಡಿದೆನೆಂದರೆ ಮಾಡಿದೆ. ಊಟದ ಮೇಜಿನ ತುಂಬ ಅಲ್ಲಿನ ಪೊಕೊನೊ ಬೆಟ್ಟಗಳ ನಕ್ಷೆ ಹರಡಿದೆ. ಹೆಂಡತಿ ಭಾನುಮತಿ ಅದರ ಮೇಲೆಯೇ ಅಕ್ಕಿ ಸುರಿದು ಕಲ್ಲು ಆರಿಸಿದಳು. ಒಂದು ಕಣಿವೆ ಪೂರ್ತಿ ಅಕ್ಕಿಯಲ್ಲಿ ಮುಚ್ಚಿಹೋಯಿತು. ಹಸಿರು ಜರ್ಕಿನ್ ಕೊಂಡೆ, ಪೊಲೀಸ್ ಠಾಣೆಗೆ ಅಲೆದು ಕಾಗದಪತ್ರ ಮಾಡಿಸಿ ಹಳೆಯದೊಂದು ಕೋವಿ ಕೊಂಡೆ. ಮನೆಗೆ ಬಂದ ಹೊಸ ಕಾರಿಗೆ, ಮಿಕ್ಸಿಗೆ ಮಾಡಿದ ಹಾಗೆ ಭಾನು ಅದಕ್ಕೂ ಅರಿಸಿನ ಕುಂಕುಮ ಹಚ್ಚಿ, "ಎಂಜಲುಗೈಯಲ್ಲಿ ಮುಟ್ಟಬೇಡಿ" ಎಂದು ಕಟ್ಟಪ್ಪಣೆ ಮಾಡಿದಳು. ಕೊನೆಗೆ ಒಂದು ಪುಟ್ಟ ಮರದ ಪೆಟ್ಟಿಗೆ ತಂದೆ. ಅದರ ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಳ ಉಜ್ಜಿದರೆ ಹೆಣ್ಣು ಟರ್ಕಿಯ ಪ್ರೇಮಾಲಾಪ ಹೊರಡಬೇಕು. ನಾನು ಉಜ್ಜಿದಾಗ ಹೊರಟ ಧ್ವನಿಗೆ ಕೆಳಗಿನ ಮನೆಯವರು ಪೊರಕೆಯಿಂದ ಸೂರು ಕುಟ್ಟಿದರು.

ಭಾನು ಇದನ್ನೆಲ್ಲ ಸಹಿಸಿಕೊಂಡಳು. ಒಂದು ಪ್ರಶ್ನೆ ಮಾತ್ರ ಕೇಳಿದಳು.

"ಅಲ್ಲಾ ರೀ, ನಾವು ಮೊಟ್ಟೆ ಹಾಕಿದ ಕೇಕ್ ಕೂಡ ತಿನ್ನಲ್ಲ. ಆ ಹಕ್ಕೀನ ಹೊಡೆದು ಏನ್ ಮಾಡ್ತೀರಿ?"

"ಹ್ಯಾಗರ್ಟಿಗೆ ಕೊಡ್ತೀನಿ. ನನಗೆ ಬೇಕಾಗಿರೋದು ಗರಿ ಮಾತ್ರ."

"ತಿನ್ನೋದು ಪಾಪ, ಕೊಲ್ಲೋದು ಪರವಾಗಿಲ್ಲ ಅಂತ ಯಾವ ಆಚಾರ್ಯರು ಹೇಳಿಕೊಟ್ರು ನಿಮಗೆ? ಗರಿ ಬೇಕಿದ್ರೆ ಕಾಡಲ್ಲಿ ಬಿದ್ದಿರುತ್ತೆ, ಹೆಕ್ಕಿಕೊಂಡು ಬನ್ನಿ."

ಗಂಡಸಿನ ಮಹತ್ವಾಕಾಂಕ್ಷೆ ಹೆಂಗಸರಿಗೆ ಎಲ್ಲಿ ಅರ್ಥವಾಗುತ್ತದೆ ಎಂದುಕೊಂಡು ಮತ್ತೆ ನಕ್ಷೆಯ ಮೇಲೆ ಬಾಗಿದೆ.

ಉಳಿದದ್ದು ರಜೆಯೊಂದೇ. ಶನಿವಾರ ಆ ಕಾಡಿನಲ್ಲಿ ಟರ್ಕಿಗಿಂತ ಬೇಟೆಗಾರರೇ ಹೆಚ್ಚು. ಭಾನುವಾರ ಬೇಟೆ ನಿಷಿದ್ಧ. ಹಾಗಾಗಿ ಮೇ ತಿಂಗಳ ಒಂದು ಸೋಮವಾರ ಬೇಕಿತ್ತು. ಮೇ ತಿಂಗಳಲ್ಲಿ ಹ್ಯಾಗರ್ಟಿ ರಜೆ ಕೊಡುವವನಲ್ಲ; ಆದರೆ ಧರ್ಮದ ವಿಷಯ ಬಂದರೆ ಮೆತ್ತಗಾಗುತ್ತಿದ್ದ. ಡಿಸೆಂಬರಿನಲ್ಲಿ ನಮ್ಮ ತಂದೆಯ ಶ್ರಾದ್ಧಕ್ಕೆ ರಜೆ ಕೇಳಿದಾಗ, ಅನ್ನದ ಪಿಂಡ ಇಟ್ಟು ಕಾಯುವುದು, ಹಿರಿಯರು ಕಾಗೆಯ ರೂಪದಲ್ಲಿ ಬರುವುದು ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ಕೇಳಿದ್ದ. ನಮ್ಮಪ್ಪನನ್ನು ವರ್ಷಕ್ಕೆ ಎರಡು ಸಲ ಕರೆಸುವಂತಿರಲಿಲ್ಲ. ಆದ್ದರಿಂದ ಮಾವನವರ ಶ್ರಾದ್ಧ ಅಂದುಬಿಟ್ಟೆ.

"ಅವರಿಗೂ ಕಾಗೆಯೇ ಬರಬೇಕೋ?" ಅಂತ ಕೇಳಿದ.

ಈ ದೇಶದಲ್ಲಿ ಇಂಥದ್ದೇ ಅಂತಿಲ್ಲ, ಯಾವ ಹಕ್ಕಿಯಾದರೂ ನಡೆಯುತ್ತದೆ ಎಂದೆ. ಹ್ಯಾಗರ್ಟಿ ತಲೆಬಾಗಿ ರಜೆ ಕೊಟ್ಟ. ತಾನೂ ಆ ಸೋಮವಾರ ಹ್ಯಾರಿಸ್‌ಬರ್ಗಿನಲ್ಲಿ ಮೀಟಿಂಗಿಗೆ ಹೋಗುತ್ತೇನೆ ಅಂದ. ನನ್ನ ಮಾವ ಅಶ್ವತ್ಥನಾರಾಯಣರು ಆ ಹೊತ್ತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎರಡನೇ ಲೋಟ ಕಾಫಿ ಕುಡಿಯುತ್ತ ಕಲ್ಲುಗುಂಡಿನ ಹಾಗಿದ್ದರು. ಈ ಶ್ರಾದ್ಧದ ಸಂಗತಿಯನ್ನು ಅವರ ಮಗಳಿಗೆ ತಿಳಿಸುವ ಅಗತ್ಯ ನನಗೆ ಕಾಣಲಿಲ್ಲ.

ಆ ಸೋಮವಾರ ನಸುಕಿನಲ್ಲಿ ಪೊಕೊನೊ ಕಾಡಿನ ಒಂದು ಓಕ್ ಮರದ ಬುಡ ಸೇರಿದೆ. ಚಳಿಗೆ ಜರ್ಕಿನ್ ಸಾಲದೆ ಮದುವೆಯ ಶಾಲು ಹೊದ್ದೆ. ಪೆಟ್ಟಿಗೆ ಉಜ್ಜಿದೆ. ಏನಾಶ್ಚರ್ಯ, ಪೊದೆಗಳಾಚೆಯಿಂದ ಇನ್ನೊಂದು ಹೆಣ್ಣು ಟರ್ಕಿ ಉತ್ತರ ಕೊಟ್ಟಿತು. ನಾನು ಉಜ್ಜಿದೆ, ಅದು ಕೂಗಿತು. ಎಂಥ ಮಧುರ ಕಂಠ, ಎಂಥ ವಿನಯ. ಹೆಣ್ಣುಜಾತಿಯ ಜೀವವೊಂದು ನನ್ನ ಮಾತಿಗೆ ಎದುರುತ್ತರ ಕೊಡದೆ ಬರೀ ಉತ್ತರ ಕೊಟ್ಟದ್ದು ಅದೇ ಮೊದಲು. ಆದರೆ ಗಂಡು ಮಾತ್ರ ಪತ್ತೆಯಿಲ್ಲ.

ಹೊಟ್ಟೆ ಚುರುಗುಟ್ಟಿತು. ಭಾನು ಕೊಟ್ಟ ಬುತ್ತಿ ಬಿಚ್ಚಿದೆ. ಚಮಚ ಮರೆಯುತ್ತೇನೆಂದು ಮೊಸರನ್ನವನ್ನು ಉಂಡೆ ಕಟ್ಟಿ ಬೆಳ್ಳಿಕಾಗದದಲ್ಲಿ ಸುತ್ತಿಟ್ಟಿದ್ದಳು. ಊಟಕ್ಕೆ ಕೂತೆನಲ್ಲ, ಅಭ್ಯಾಸಬಲದಿಂದ ಶೂ ಕಳಚಿದೆ. ಕುಂಕುಮವಿಟ್ಟ ಕೋವಿಯ ಪಕ್ಕ ಮುಸುರೆಯಾಗಬಾರದೆಂದು ಅದನ್ನು ಮರದ ಹಿಂದೆ ಒರಗಿಸಿದೆ. ಉಂಡೆಗಳನ್ನು ಸಾಲಾಗಿ ಮುಂದಿಟ್ಟುಕೊಂಡು ಒಂದನ್ನು ಮುರಿದು ಬಾಯಿಗಿಟ್ಟೆ.

ಗಂಡು ಬಂದದ್ದು ಆಗಲೇ. ಬಾಲವನ್ನು ಅಗಲವಾಗಿ ಬಿಚ್ಚಿ, ಎದೆ ಮುಂದೆ ಮಾಡಿ, ಕೆಂಪು ಕತ್ತು ಕೊಂಕಿಸಿಕೊಂಡು, ಬೀಗರ ಮನೆಯ ಉಪಚಾರದಲ್ಲಿ ಕೊರತೆ ಹುಡುಕಲು ಬಂದ ಯಜಮಾನರ ಠೀವಿಯಲ್ಲಿ ಹೆಜ್ಜೆಯಿಡುತ್ತ ನೇರ ನನ್ನೆದುರು ನಿಂತಿತು. ನನ್ನ ಬಡ್ತಿ ನನ್ನಿಂದ ಹತ್ತು ಮಾರು ದೂರದಲ್ಲಿತ್ತು. ಕೋವಿ ಬೆನ್ನ ಹಿಂದೆಯೇ ಇತ್ತು. ಆದರೆ ನನ್ನ ಬಲಗೈ ಮಣಿಕಟ್ಟಿನವರೆಗೂ ಮೊಸರಾಗಿತ್ತು.

ಓದುಗರೇ, ನಗಬೇಡಿ. ಮೂರನೇ ವಯಸ್ಸಿನಿಂದ ಅಜ್ಜಿ, ಆಮೇಲೆ ಅಮ್ಮ, ಆಮೇಲೆ ಹೆಂಡತಿ ತಿದ್ದಿದ ಕೈ ಅದು. ಉಪ್ಪಿನಕಾಯಿ ಜಾಡಿಯನ್ನೇ ಮುಟ್ಟದ ಎಂಜಲುಗೈ, ಪೂಜೆಯಾದ ಕೋವಿಯನ್ನು ಹೇಗೆ ಮುಟ್ಟೀತು? ಎಡಗೈಯಲ್ಲಿ ನೀರಿನ ಬಾಟಲಿಗಾಗಿ ತಡಕಾಡಿದೆ. ಟರ್ಕಿ ನನ್ನನ್ನು ನೋಡಿತು, ಉಂಡೆಗಳನ್ನು ನೋಡಿತು, ಹತ್ತಿರ ಬಂದು ಕೊನೆಯದನ್ನು ಕುಕ್ಕಿ ರುಚಿ ನೋಡಿತು.

ಪೊದೆ ಸರಿದು ಮಧುರ ಕಂಠದ ಒಡತಿ ಹೊರಬಂದಳು. ಆರಡಿ ಎತ್ತರ, ಕೆಂಪು ಮೀಸೆ, ಕೈಯಲ್ಲಿ ಗುರಿಹಿಡಿದ ಕೋವಿ. ಹ್ಯಾರಿಸ್‌ಬರ್ಗಿನ ಮೀಟಿಂಗಿನಲ್ಲಿರಬೇಕಾದ ಹ್ಯಾಗರ್ಟಿ.

ಅವನ ಕಣ್ಣು ನನ್ನ ಶಾಲಿನ ಮೇಲೆ, ಬರಿಗಾಲಿನ ಮೇಲೆ, ಸಾಲಾಗಿಟ್ಟ ಅನ್ನದುಂಡೆಗಳ ಮೇಲೆ, ಅವುಗಳನ್ನು ತಿನ್ನುತ್ತಿದ್ದ ಹಕ್ಕಿಯ ಮೇಲೆ ಒಂದೊಂದಾಗಿ ಹರಿಯಿತು. ನಿಧಾನವಾಗಿ ಕೋವಿ ಇಳಿಸಿದ. ಟೋಪಿ ತೆಗೆದು ಎದೆಗೊತ್ತಿಕೊಂಡ.

"ಕ್ಷಮಿಸು ಪ್ರಾಣೇಶ್," ಎಂದು ಪಿಸುಗುಟ್ಟಿದ, "ಇನ್ನೊಂದು ಕ್ಷಣ ತಡವಾಗಿದ್ದರೆ ನಿನ್ನ ಮಾವನನ್ನು ಕೊಂದುಬಿಡುತ್ತಿದ್ದೆ."

ಮಾವನವರು ಊಟ ಮುಗಿಸಿ ಗಾಂಭೀರ್ಯದಿಂದ ಕಾಡಿನೊಳಗೆ ನಡೆದರು. ಹ್ಯಾಗರ್ಟಿಯ ಕಣ್ಣು ಒದ್ದೆಯಾಗಿತ್ತು. ತನ್ನ ಜನ್ಮದಲ್ಲಿ ಅಷ್ಟು ದೊಡ್ಡ ಟರ್ಕಿಯನ್ನು ಅವನು ಬಿಟ್ಟದ್ದಿಲ್ಲವಂತೆ. ಹೆಂಡತಿಯ ತಂದೆಗಾಗಿ ಇಷ್ಟು ದೂರ ಬಂದು ಚಳಿಯಲ್ಲಿ ಕೂರುವವನ ಕೈಗೆ ನಾಲ್ಕು ಜನರನ್ನು ನಂಬಿ ಒಪ್ಪಿಸಬಹುದು ಎಂದ. ಜೂನ್ ತಿಂಗಳಲ್ಲಿ ನಾನು ಗ್ರೂಪ್ ಲೀಡರ್ ಆದೆ. ಆದರೂ ಉದ್ದ ಮೇಜಿಗೆ ಕರೆಯಲಿಲ್ಲ. ಅಲ್ಲಿ ಟರ್ಕಿ ಕೊಂದ ಮಾತಾಡುತ್ತಾರೆ, ನನ್ನ ಮನಸ್ಸಿಗೆ ನೋವಾಗುತ್ತದೆ ಎಂಬ ದಾಕ್ಷಿಣ್ಯ.

ಆಗಸ್ಟಿನಲ್ಲಿ ಮಗಳನ್ನು ನೋಡಲು ಮಾವ ಬಂದಿಳಿದರು. ಅದರ ಮುಂದಿನ ಭಾನುವಾರವೇ ಹ್ಯಾಗರ್ಟಿ, ಹೊಸ ಗ್ರೂಪ್ ಲೀಡರ್‌ಗಳ ಮನೆಗೆ ಒಂದು ಸಲ ಊಟಕ್ಕೆ ಹೋಗುವುದು ತನ್ನ ಪದ್ಧತಿ ಎಂದು ತಾನಾಗಿಯೇ ಹೇಳಿ ಕಳಿಸಿ ಬರುವವನಿದ್ದ. ಮಾವನನ್ನು ಪ್ರಿನ್ಸ್‌ಟನ್ನಿನಲ್ಲಿರುವ ನೆಂಟರ ಮನೆಗೆ ಸಾಗಿಸಲು ನೋಡಿದೆ. ಅಳಿಯನ ಬಾಸ್ ಬರುವಾಗ ತಾವಿಲ್ಲದಿದ್ದರೆ ಹೇಗೆ ಎಂದರು. ಅವರನ್ನು ನಮ್ಮ ಚಿಕ್ಕಪ್ಪ ಎಂದು ಪರಿಚಯಿಸುವ ಪ್ಲಾನ್ ಹಾಕಿದೆ. ಆದರೆ ಗಂಟೆ ಬಾರಿಸಿದಾಗ ನಾನು ಸೋಫಾ ಸುತ್ತಿ ಬರುವಷ್ಟರಲ್ಲಿ ಅವರೇ ಬಾಗಿಲು ತೆಗೆದು, ಕೈ ಚಾಚಿ, ನಿವೃತ್ತ ಹೆಡ್‌ಮಾಸ್ತರರ ಸ್ಪಷ್ಟ ಇಂಗ್ಲಿಷಿನಲ್ಲಿ ತಾವು ಭಾನುಮತಿಯ ತಂದೆ ಎಂದು ಹೇಳಿ ಆಗಿತ್ತು.

ಹ್ಯಾಗರ್ಟಿ ಆ ಕೈಯನ್ನು ಬಿಡಲಿಲ್ಲ. ಬೆಚ್ಚಗಿದೆಯೋ ಇಲ್ಲವೋ ಎಂದು ನೋಡುವವನ ಹಾಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದ.

"ಹಾಗಾದರೆ, ಪ್ರಾಣೇಶ್, ನಾನು ಬಿಟ್ಟದ್ದು ಯಾರನ್ನು?"

ಸಾರು ಮುಗಿಯುವುದರೊಳಗೆ ಎಲ್ಲವೂ ಹೊರಬಿತ್ತು. ಮಾವ ಕೆರಳುತ್ತಾರೆಂದುಕೊಂಡಿದ್ದೆ. ಅವರು ಹಕ್ಕಿ ನೋಡಲು ಹೇಗಿತ್ತೆಂದಷ್ಟೇ ಕೇಳಿದರು. ಬಹಳ ಗಂಭೀರವಾಗಿತ್ತು ಎಂದು ಹ್ಯಾಗರ್ಟಿ ಹೇಳಿದ ಮೇಲೆ ಸಮಾಧಾನವಾಗಿ ಇನ್ನಷ್ಟು ಹಪ್ಪಳ ಹಾಕಿಸಿಕೊಂಡರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭಾನು ನಗಲಿಲ್ಲ.

"ನಾನು ಕಟ್ಟಿಕೊಟ್ಟ ಮೊಸರನ್ನಾನ ನಮ್ಮಪ್ಪನ ತಿಥಿ ಅಂತ ಹೇಳಿಕೊಂಡು ತಿಂದ್ರಲ್ಲ," ಎಂದಳು, "ಇನ್ಮೇಲೆ ನಿಮ್ಮ ಡಬ್ಬಿಗೆ ದಿನಾ ಅದೇ."

ಹ್ಯಾಗರ್ಟಿ ನನ್ನ ಕೆಲಸ ಕಿತ್ತುಕೊಳ್ಳಲಿಲ್ಲ. ಹ್ಯಾರಿಸ್‌ಬರ್ಗಿನ ವಿಷಯ ನನಗೆ ಗೊತ್ತಿತ್ತಲ್ಲ. ಸುಳ್ಳು ಹೇಳಲು ನನಗಿಂತ ನಂಬಿಕಸ್ಥ ಇನ್ನಾರು ಎಂದು ಮೆಚ್ಚುಗೆಯಿಂದಲೇ ಅಂದ. ಶರತ್ಕಾಲದ ಬೇಟೆ ಶುರುವಾದಾಗ ಅವನು ಉದ್ದ ಮೇಜಿನವರನ್ನೆಲ್ಲ ಕರೆದುಕೊಂಡು ಪೊಕೊನೊಗೆ ಹೊರಟ. ಮುಂದಿನ ಸೀಟಿನಲ್ಲಿ, ನನ್ನ ಹಸಿರು ಜರ್ಕಿನ್ ತೊಟ್ಟು, ಮಡಿಲಲ್ಲಿ ಪುಳಿಯೋಗರೆಯ ಡಬ್ಬಿ ಇಟ್ಟುಕೊಂಡು ಮಾವ ಕೂತರು. ಅವರಿದ್ದರೆ ಹಕ್ಕಿ ಬರುತ್ತದೆಂದು ಆ ಮೂಢರಿಗೆ ನಂಬಿಕೆ. ಮೊದಲ ಸಲ ಹೋದಾಗಲೇ ಮಾವ ನೆಲದಲ್ಲಿ ಬಿದ್ದಿದ್ದ ಒಂದು ಗರಿ ಹೆಕ್ಕಿ ತಂದರು. ಭಾನು ಅದರಿಂದ ದೇವರ ಪಟಗಳ ಧೂಳು ಹೊಡೆಯುತ್ತಾಳೆ.

ಎರಡನೇ ಸಲ ಅವರು ಹೋದ ದಿನ ಕ್ಯಾಂಟೀನಿನ ಉದ್ದ ಮೇಜು ಪೂರ್ತಿ ಖಾಲಿಯಿತ್ತು. ಹೋಗಿ ಕಿಟಕಿಯ ಪಕ್ಕ ಕೂರೋಣವೆಂದರೆ ಫೋನ್ ಬಿಟ್ಟು ಕದಲಕೂಡದೆಂದು ಹ್ಯಾಗರ್ಟಿಯ ಆಜ್ಞೆ. ಅವನ ಆಫೀಸು ಕೋಣೆಯ ಮೇಜಿನಲ್ಲೇ ಕೂತು ಡಬ್ಬಿ ಬಿಚ್ಚಿ ಮೊಸರನ್ನ ಕಲಸುತ್ತಿದ್ದೆ. ಫೋನ್ ಹೊಡೆದುಕೊಂಡಿತು. ನಾನು ನೀರು ಹುಡುಕಲಿಲ್ಲ. ಎಂಜಲುಗೈಯಲ್ಲೇ ಎತ್ತಿ, ಹ್ಯಾಗರ್ಟಿಯವರು ಹ್ಯಾರಿಸ್‌ಬರ್ಗಿಗೆ ಮೀಟಿಂಗಿಗೆ ಹೋಗಿದ್ದಾರೆ ಎಂದೆ.