ಹನುಮಂತ್ರಾಯ ಮಾಸ್ತರರ ಬೆಲ್ಲದ ಪಥ್ಯ

ತಪ್ಪೆಲ್ಲ ರಾಯಚೂರಿನ ಆ ಡಾಕ್ಟರದ್ದೇ. "ಎಂಬತ್ನಾಕು ಕಿಲೋ ಆಗೀರಿ, ಸಕ್ಕರಿ ಬಿಡ್ರಿ" ಎಂದವರು ಅಲ್ಲಿಗೇ ಬಾಯಿ ಮುಚ್ಚಿಬಿಟ್ಟರು. ಇನ್ನೊಂದು ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮಾನ್ವಿಯ ಹನುಮಂತ್ರಾಯ ಮಾಸ್ತರರು ಅಂದೇ ಸಕ್ಕರೆಗೆ ಕೈಮುಗಿದರು. ಚಹಾಕ್ಕೆ ಬೆಲ್ಲ ಬಂತು. ಗೋದಿ ಹುಗ್ಗಿಗೆ ಬೆಲ್ಲ, ರೊಟ್ಟಿಗೆ ಬೆಲ್ಲ-ತುಪ್ಪ, ರಾತ್ರಿ ಹಾಲಿಗೆ ಉತ್ತತ್ತಿ, ಮನಸ್ಸು ಬಂದಾಗ ಒಂದು ಚಮಚ ಜೇನು. "ಸಕ್ಕರಿ ಮಷಿನ್‌ನ್ಯಾಗ ಹುಟ್ಟಿದ್ದು. ಬೆಲ್ಲ ಹೊಲದಾಗ ಬೆಳದದ್ದು. ಹೊಲದ್ದು ತಿಂದು ಬೊಜ್ಜು ಬಂದದ್ದು ಕಂಡೀರೇನು?" ಎಂದು ಕೇಳುತ್ತಿದ್ದರು. ಹೆಂಡತಿ ಬಾಲಮ್ಮನಿಗೆ ಈ ಪಥ್ಯ ಮಾಡಿಹಾಕುವಷ್ಟರಲ್ಲಿ ಸಾಕುಸಾಕಾಗಿತ್ತು.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆ, ಬೆಳಗಿನ ಶಾಲೆ. ಶಾಲೆ ಬಿಟ್ಟ ಮೇಲೆ ಜೊತೆಯ ಮಾಸ್ತರ ಸೂಗಪ್ಪ ಎಲ್ಲರೆದುರು ಶುರುಮಾಡಿದ. ಆಳು ಒಣಗಿದ ಬಾರುಕೋಲಿನಂತಿದ್ದ, ನಾಲಿಗೆಯೂ ಹಾಗೇ.

"ಬೆಲ್ಲ ಅಂದ್ರ ಸಕ್ಕರಿಗೆ ಸ್ವಂತ ಅಣ್ಣರೀ ಮಾಸ್ತರ. ನಿಮಗಿಂತ ಮೊದಲ ನಿಮ್ಮ ಹೊಟ್ಟಿ ಕ್ಲಾಸಿಗೆ ಬರಾಕತ್ತದ!"

ಎಲ್ಲರೂ ಹೋ ಎಂದು ನಕ್ಕರು. ಹನುಮಂತ್ರಾಯರಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು.

"ಇವತ್ತ ಗಂಜಿನ್ಯಾಗ, ಆ ಶೇಂಗಾ ಬಜಾರದಾಗ, ತೂಕದ ಕಾಂಟಾ ಹತ್ತತೀನಿ! ಎಂಬತ್ನಾಕಕ್ಕಿಂತ ಕಡಿಮಿ ಬಂದ್ರ ನೀವು ಬೆಲ್ಲಕ್ಕ ಅಡ್ಡ ಬೀಳಬೇಕು."

"ಬರಲಿಲ್ಲಂದ್ರ?"

"ನಾ ಇನ್ನ ಜನ್ಮದಾಗ ಸಿಹಿ ಮುಟ್ಟಂಗಿಲ್ಲ!"

ಮಾತು ಬಾಯಿಂದ ಹಾರಿದ ಮೇಲೆ ಮಾಸ್ತರರಿಗೆ ನೆನಪಾಯಿತು. ಮನೆಯಲ್ಲಿ ಕಡಲೆಬೇಳೆ ನೆನೆದಿತ್ತು, ಆ ದಿನ ಹೋಳಿಗೆ.

ಸುದ್ದಿ ಕೇಳಿ ಬಾಲಮ್ಮ ಸೊಂಟಕ್ಕೆ ಕೈಯಿಟ್ಟಳು. "ಯಾರ್ನ ಕೇಳಿ ಪಂಥ ಕಟ್ಟಿದ್ರಿ? ಆತು, ಆಡಿದ ಮಾತು ಉಳಿಸ್ಕೋರಿ. ಸೋತ್ರ ಹೋಳಿಗಿ ಕನಸಿನ್ಯಾಗೂ ನೆನಸಬ್ಯಾಡ್ರಿ!"

ಬೆವರು ಹರಿಸಿದರೆ ತೂಕ ಇಳಿದೀತು ಎಂದು ಮಾಸ್ತರರು ಕಂಬಳಿ ಹೊದ್ದು ಉರಿಬಿಸಿಲಲ್ಲಿ ಓಣಿಯುದ್ದಕ್ಕೂ ಓಡಿದರು. ಎದುರು ಮನೆಯ ಅಮೀರ್ ಬೀ ಹೌಹಾರಿದಳು.

"ಯಾ ಅಲ್ಲಾ! ಮಾಸ್ತರಿಗೆ ಚಳಿಜ್ವರ!" ಎಂದು ರಟ್ಟೆ ಹಿಡಿದು ಪಡಸಾಲೆಯಲ್ಲಿ ಕೂರಿಸಿ, ಚೊಂಬು ತುಂಬ ಬೆಲ್ಲದ ಪಾನಕ ತಂದಳು. ಅದರ ಹಿಂದೆಯೇ ಖಜೂರದ ತಟ್ಟೆ.

"ಇವತ್ತ ಬ್ಯಾಡ್ರೀ, ತೂಕ ಅದ..."

"ಬಿಸಿಲಾಗ ಬಂದವರನ್ನ ಬೆಲ್ಲ-ನೀರು ಕೊಡದ ಕಳಸಿದ್ರ ಮನಿಗೆ ಬರಕತ್ ಇರ್ತದೇನ್ರಿ? ಕುಡೀರಿ!"

ಬೇಡವೆಂದರೆ ಅವಮಾನ. ಹೇಗೂ ಬೆಲ್ಲ ತಾನೇ ಎಂದು ಸಮಾಧಾನ ಮಾಡಿಕೊಂಡು ಮಾಸ್ತರರು ಚೊಂಬು ಬರಿದು ಮಾಡಿದರು. ಖಜೂರಕ್ಕೂ ಅನ್ಯಾಯ ಮಾಡಲಿಲ್ಲ.

ಗಂಜಿಗೆ ಬರುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಬರುವಂತಿತ್ತು, ಮೈತುಂಬ ಧೂಳು ಮೆತ್ತಿತ್ತು. ಶೇಂಗಾ ಚೀಲಗಳ ನಡುವೆ ಹಮಾಲರೆಲ್ಲ ಸುತ್ತುಗಟ್ಟಿದರು. ಸೂಗಪ್ಪ ಮುಂದೆಯೇ ನಿಂತಿದ್ದ. ಮಾಸ್ತರರು ಕಾಂಟಾ ಹತ್ತಿದರು. ತೂಕ ಮಾಡುವ ನಬೀಸಾಬ್ ಕಾಂಟಾದ ಗುಂಡು ಸರಿಸಿ, ಮಾಸ್ತರರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ದಿನದ ರಾಗದಲ್ಲಿ ಕೂಗಿದ:

"ಎಂಬತ್ತೆರಡೂ!"

ಗಂಜಿನಲ್ಲಿ ಗದ್ದಲವೆದ್ದಿತು. ಹಮಾಲರು ಮಾಸ್ತರರನ್ನು ಹೆಗಲ ಮೇಲೆ ಎತ್ತಲು ನೋಡಿ, ಆಗದೆ, ಸುತ್ತ ಕುಣಿದರು. ಸೂಗಪ್ಪ ಕಿರಾಣಿ ಅಂಗಡಿಯ ಬೆಲ್ಲದ ಪೆಂಟಿಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಆಹಾ, ಹನುಮಂತ್ರಾಯರ ಸಂತೋಷ ಹೇಳತೀರದು! ಸೋತವನನ್ನೂ ತೂಗಿದವನನ್ನೂ ಹೋಳಿಗೆಗೆ ಕರೆದುಕೊಂಡೇ ಮನೆಗೆ ಬಂದರು.

ಬಾಲಮ್ಮ ಹಿಗ್ಗಿ ಹೀರೇಕಾಯಿಯಾದಳು. "ನನ್ನ ಕೈಯಡಗಿ ಸುಳ್ಳಾಗಲಿಲ್ಲ ನೋಡ್ರಿ" ಎನ್ನುತ್ತ ಗಂಡನ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಮಾಸ್ತರರು ಮೊದಲ ತುತ್ತು ಬಾಯಿಗಿಟ್ಟುಕೊಂಡೇ ಹೊಗಳಿದರು: "ನಬೀಸಾಬ್, ನಿಮ್ಮದು ಧರ್ಮದ ಕಾಂಟಾರೀ!"

ನಬೀಸಾಬ್ ಗಡ್ಡ ನೀವಿಕೊಂಡ. "ತೂಕ ಮಾಡಿ ಮಾಡಿ ಗಡ್ಡ ಬೆಳ್ಳಗಾತು ಮಾಸ್ತರ್ ಸಾಬ್. ಕಳಿಯೋದು ಒಂದ ದಿನಾನೂ ಮರತಿಲ್ಲ."

"ಏನ ಕಳಿಯೋದು?" ಬಾಲಮ್ಮ ಕೇಳಿದಳು.

"ಗಂಜಿನ ರೂಢಿ ಯವ್ವಾ. ಚೀಲಕ್ಕ ಒಂದ ಕಿಲೋ, ಮಾಸ್ತರಿಗೆ ಅಂಗೀನ ಚೀಲ. ಮಾಲು ಹಸಿ ಇದ್ರ ಎರಡು, ಮಾಸ್ತರು ಪೂರಾ ತೊಯ್ದಿದ್ರಲ್ಲ. ಧೂಳಿಗೆ ಒಂದು. ನಾಕೂ ಕಳದ ಕೂಗಿದೆ. ಕಾಂಟಾ ತೋರಿಸಿದ್ದು ಎಂಬತ್ತಾರು."

ಮಾಸ್ತರರ ಬಾಯಲ್ಲಿದ್ದ ಹೋಳಿಗೆ ಒಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ. ಹನುಮಂತ್ರಾಯರು ಮೆಲ್ಲಗೆ ತಟ್ಟೆಗೆ ಕೈ ಅಡ್ಡವಿಟ್ಟರು. ಬಾಲಮ್ಮ ಆ ಕೈಯನ್ನು ಸರಿಸಿ, ತುಪ್ಪದ ಸಮೇತ ತಟ್ಟೆ ಎತ್ತಿ ಸೂಗಪ್ಪನ ಮುಂದೆ ಇಟ್ಟಳು.

"ಭಾಳ ಸೊರಗೀರಿ ಮಾಸ್ತರ. ಇವನ್ನೂ ನೀವ ಮುಗಸ್ರಿ."

ಸೂಗಪ್ಪ ಒಲ್ಲೆ ಅನ್ನಲಿಲ್ಲ.