ತಿಂಗಳಿಗೊಂದು ಗೌರಿ ಹಬ್ಬ

ಗಂಡಸರು ಬೆಳಿಗ್ಗೆ ಸ್ನಾನ ಮಾಡಿ, ತಿಂಡಿ ತಿಂದು, ಹೊಸ್ತಿಲು ದಾಟಿ ಹೊರಗೆ ಹೋಗುವುದಿದೆಯಲ್ಲ, ಅದು ದೇವರು ಹೆಂಗಸರಿಗೆ ಕೊಟ್ಟಿರುವ ದೊಡ್ಡ ವರ. ಇಷ್ಟು ವರ್ಷ ಆ ವರವನ್ನು ಅನುಭವಿಸಿದೆನೇ ಹೊರತು ಅದು ವರವೆಂದು ನನಗೆ ಗೊತ್ತಿರಲಿಲ್ಲ. ದೀಪ ಹಚ್ಚುವಾಗ ಮಳೆಗೆ ಕೈ ಮುಗಿದಿದ್ದೇನೆ, ಮಗಳಿಗೆ ಸಿಕ್ಕ ಒಳ್ಳೆಯ ಮನೆಗೆ ಮುಗಿದಿದ್ದೇನೆ, ಕಡೆಗೆ ನಲ್ಲಿಯಲ್ಲಿ ಬಂದ ನೀರಿಗೂ ಮುಗಿದಿದ್ದೇನೆ. ಆದರೆ 'ತಾಯೀ, ಇವತ್ತೂ ಇವರು ಹೊರಗೆ ಹೋದರು, ನಿನ್ನ ದಯ' ಎಂದು ಒಂದು ದಿನವೂ ಹೇಳಿದವಳಲ್ಲ. ಅದಕ್ಕೋ ಏನೋ, ತಾಯಿ ಅದನ್ನು ವಾಪಸು ತೆಗೆದುಕೊಂಡಳು.

ನಮ್ಮ ಮನೆಯವರು ತಿಪಟೂರಿನ ಹೊರಗಿದ್ದ ಒಂದು ಕಾಯಿಪುಡಿ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ತೆಂಗಿನಕಾಯಿಯ ಕರಟ ಬಿಡಿಸಿ, ಕಂದು ಸಿಪ್ಪೆ ಹೆರೆದು, ಪುಡಿ ಮಾಡಿ ಒಣಗಿಸಿ, ಬಿಸ್ಕತ್ತು ಮಾಡುವವರಿಗೆ ಕಳಿಸುವ ಜಾಗ ಅದು. ಸಿಪ್ಪೆ ಹೆರೆಯುವ ಹೆಂಗಸರ ಸಾಲಿನ ಹಿಂದೆ ಕೈ ಕಟ್ಟಿಕೊಂಡು ಓಡಾಡುವುದು ಇವರ ಕೆಲಸ. ಕಾಯಿಯ ರೇಟು ಏರಿತು, ಪುಡಿ ಕೊಳ್ಳುವವರು ಬೇರೆ ಕಡೆ ಹೋದರು, ಮಾಲೀಕರು ಒಂದು ದಿನ ಎಲ್ಲರಿಗೂ ಕೈ ಮುಗಿದು ಬಾಗಿಲಿಗೆ ಬೀಗ ಹಾಕಿದರು. ಇವರು ಮನೆಗೆ ಬಂದು ಕೈಕಾಲು ತೊಳೆದುಕೊಂಡು, "ಸ್ವಲ್ಪ ದಿನ ರೆಸ್ಟು ಕಣೇ" ಎಂದರು. ಮಾರನೆಯ ದಿನದಿಂದ ಇವರ ಕೈ ಕೆಳಗೆ ಉಳಿದ ಹೆಂಗಸು ನಾನೊಬ್ಬಳೇ.

ನಾನು ಕಾಯಿ ತುರಿಯಲು ಈಳಿಗೆಮಣೆಯ ಮೇಲೆ ಕೂತರೆ ಇವರು ಹಿಂದೆ ಬಂದು ನಿಲ್ಲುವರು. "ಅಂಚಲ್ಲಿ ಬಿಳೀದು ಉಳೀತಾ ಇದೆ ನೋಡು, ವೇಸ್ಟೇಜು" ಎನ್ನುವರು. ಸಾರಿನ ಪುಡಿಯ ಡಬ್ಬ ಒಲೆಯಿಂದ ದೂರ ಇದೆ, ಕೈ ಚಾಚುವುದರಲ್ಲಿ ಟೈಮು ಹೋಗುತ್ತದೆ ಎಂದು ಒಂದು ದಿನ ಡಬ್ಬಗಳನ್ನೆಲ್ಲ ಸ್ಥಳಾಂತರಿಸಿದರು. ಅವತ್ತು ನಮ್ಮ ಮನೆಯಲ್ಲಿ ಹುಳಿಗೆ ಬಿದ್ದದ್ದು ಕಾಫಿಪುಡಿ. ಅದನ್ನೂ ಇವರು ಮಾತಾಡದೆ ತಿಂದರೆನ್ನಿ, ತಪ್ಪು ಯಾವ ಕಡೆಯದು ಎಂಬ ವಿಚಾರಣೆ ಬೇಡವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ನಾನು ಒಂದು ಗಳಿಗೆ ಅಡ್ಡಾದರೆ ಗಡಿಯಾರ ನೋಡುವರು. ಸೂಪರ್‌ವೈಸರ್ ಗಡಿಯಾರ ನೋಡುವುದಕ್ಕೂ ಗಂಡ ಗಡಿಯಾರ ನೋಡುವುದಕ್ಕೂ ವ್ಯತ್ಯಾಸವಿದೆ.

ನಗುವ ಮಾತು ಹಾಗಿರಲಿ. ಸಾಯಂಕಾಲ ಅಂಗಡಿಗೆ ಕಳಿಸಿದರೆ ಇವರು ದೊಡ್ಡ ರಸ್ತೆ ಬಿಟ್ಟು ಹಿಂದಿನ ಓಣಿಯಲ್ಲಿ ಸುತ್ತಿ ಹೋಗುತ್ತಿದ್ದರು. ದೊಡ್ಡ ರಸ್ತೆಯ ಟೀ ಅಂಗಡಿಯಲ್ಲಿ "ಏನ್ರೀ, ಇವತ್ತೂ ರಜನಾ?" ಎಂದು ಕೇಳುವವರಿದ್ದರು. ಮದುವೆ ಮನೆಗಳಿಗೆ ನನ್ನೊಬ್ಬಳನ್ನೇ ಕಳಿಸುವುದು ಶುರುವಾಯಿತು. ಒಂದು ದಿನ ಯಾರದೋ ಫೋನಿಗೆ, "ಫ್ಯಾಕ್ಟರಿ ರಿಪೇರಿ ನಡೀತಾ ಇದೆ" ಎಂದು ಹೇಳುತ್ತಿದ್ದುದು ಕೇಳಿಸಿ, ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಈ ಮನುಷ್ಯನಿಗೆ ಬೇಗ ಒಂದು ಕೆಲಸ ಸಿಗದಿದ್ದರೆ ಇವರು ಮನೆಯೊಳಗೇ ಸವೆದುಹೋಗುತ್ತಾರೆ ಎಂದು ಭಯವಾಯಿತು. ಅವತ್ತೇ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿ, ಇವರಿಗೊಂದು ಕೆಲಸ ಕೊಡು ತಾಯಿ ಎಂದು ಬೇಡಿಕೊಂಡೆ.

ತಾಯಿ ತಡ ಮಾಡಲಿಲ್ಲ. ನನ್ನ ತಮ್ಮ ನಂಜುಂಡ ತುರುವೇಕೆರೆಯಲ್ಲಿ ಕೊಬ್ಬರಿ ಗೋಡೌನು ಇಟ್ಟಿದ್ದಾನೆ. ಅವನ ಗೋಡೌನು ನೋಡಿಕೊಳ್ಳುತ್ತಿದ್ದವನು ಅದೇ ವಾರ ಬಿಟ್ಟುಹೋದ. ನಂಜುಂಡ ಹಳ್ಳಿಗಳ ಮೇಲೆ ಕೊಬ್ಬರಿ ನೋಡಲು ಹೋದರೆ, ಗೋಡೌನಿನಲ್ಲಿ ಸುಲಿಯುವವರ ಮೇಲೆ ಕಣ್ಣಿಟ್ಟು ಲಾರಿಗೆ ಲೋಡು ಮಾಡಿಸುವ ಒಬ್ಬ ನಂಬಿಕಸ್ತ ಬೇಕಾಗಿತ್ತು. ಇವರಿಗೆಂದೇ ಹೇಳಿ ಮಾಡಿಸಿದ ಕೆಲಸ. ಆದರೆ ದೇವರಲ್ಲಿ ಬೇಡಿಕೊಳ್ಳುವಾಗ ಕೆಲಸ ಕೊಡು ಎಂದಿದ್ದೆನೇ ಹೊರತು ಯಾರ ಕೈಯಿಂದ ಕೊಡಿಸು ಎಂದಿರಲಿಲ್ಲ. ತಪ್ಪು ನನ್ನದೇ.

ನಮ್ಮ ಕಡೆ ಅಕ್ಕನ ಗಂಡ ಎಂದರೆ ಸಣ್ಣ ಪದವಿಯಲ್ಲ. ನಮ್ಮ ಮದುವೆಯಲ್ಲಿ ಅಪ್ಪ ಇವರ ಕಾಲು ತೊಳೆಯುವಾಗ ಚೊಂಬು ಹಿಡಿದು ನೀರು ಹೊಯ್ದವನು ಈ ನಂಜುಂಡ. ಇವತ್ತಿಗೂ ಭಾವನ ಎದುರು ಕುರ್ಚಿಯಲ್ಲಿ ಪೂರ್ತಿ ಕೂರುವುದಿಲ್ಲ, ತುದಿಯಲ್ಲಿ ಕೂತು ಅರ್ಧ ನಿಂತಂತೆ ಇರುತ್ತಾನೆ. ಅಂಥವನು ಭಾವನಿಗೆ 'ನಮ್ಮಲ್ಲಿ ಕೆಲಸಕ್ಕೆ ಬನ್ನಿ' ಎನ್ನುವುದು ಹೇಗೆ? ಕಾಲಿಗೆ ನೀರು ಹೊಯ್ದವನ ಕೈಯಿಂದ ಇವರು ಸಂಬಳ ಈಸಿಕೊಳ್ಳುವುದು ಹೇಗೆ? ಕೆಲಸ ಅಲ್ಲಿತ್ತು, ಕೆಲಸಗಾರ ಇಲ್ಲಿದ್ದರು, ನಡುವೆ ಬೇಕಾದಷ್ಟು ಬಸ್ಸುಗಳೂ ಇದ್ದವು. ಇಬ್ಬರೂ ಫೋನಿನಲ್ಲಿ ಮಳೆಯ ಬಗ್ಗೆ ಮಾತಾಡಿ ಇಟ್ಟುಬಿಡುತ್ತಿದ್ದರು.

ಹೀಗಿರುವಾಗ ಯಾವುದೋ ಯೂನಿವರ್ಸಿಟಿಯಿಂದ ರಂಜಿತಾ ಎಂಬ ಹುಡುಗಿ ಬಂದಳು. ಮುಚ್ಚಿಹೋದ ಫ್ಯಾಕ್ಟರಿಗಳ ಕೆಲಸಗಾರರು ಈಗ ಹೇಗೆ ಬದುಕುತ್ತಿದ್ದಾರೆ, ಸರ್ಕಾರ ಅವರಿಗೆ ಏನು ಮಾಡಬೇಕು, ಮನೆಯವರು ನೆಂಟರು ಎಷ್ಟು ಆಸರೆಯಾಗುತ್ತಾರೆ ಎಂದು ಸಂಶೋಧನೆ ಮಾಡುತ್ತಿದ್ದಳಂತೆ. ಒಳ್ಳೆಯ ಹುಡುಗಿ, ಚಪ್ಪಲಿ ಹೊರಗೇ ಬಿಟ್ಟು ಬಂದಳು. ಅದೇ ಹೊತ್ತಿಗೆ ಗೊನೆ ಎಳನೀರು ಹೊತ್ತುಕೊಂಡು ನಂಜುಂಡನೂ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಸಾರ್, ನೀವು ಕೆಲಸ ಕಳ್ಕೊಂಡು ಎಷ್ಟು ದಿನ ಆಯ್ತು?" ಎಂದಳು.

"ನಾನೆಲ್ಲಮ್ಮ ಕಳ್ಕೊಂಡೆ? ಫ್ಯಾಕ್ಟರಿ ಮುಚ್ಚೋಯ್ತು. ನಾನು ಇದ್ದಂಗೇ ಇದೀನಿ."

"ಬೇರೆ ಕೆಲಸ ಹುಡುಕ್ತಿದೀರಾ?"

"ಹುಡುಕಕ್ಕೆ ಅದೇನು ಹಗ್ಗ ಕಿತ್ಕೊಂಡೋಗಿರೋ ಕರುವೇನಮ್ಮ?"

ಹುಡುಗಿ ನಕ್ಕು, ಕೆಲಸ ಇಲ್ಲದವರಿಗೆ ಸರ್ಕಾರ ಏನು ಮಾಡಬೇಕು ಎಂದು ಕೇಳಿದಳು. ಇವರಿಗೆ ಕಳೆ ಬಂದುಬಿಟ್ಟಿತು. ಮನೆಯಲ್ಲಿ ಸುಮ್ಮನಿರುವ ಹೆಂಗಸರಿಗೆ ಬಸ್ಸು ಪುಕ್ಕಟೆ, ಕೆಲಸ ಹುಡುಕಿಕೊಂಡು ಅಲೆಯುವ ಗಂಡಸಿಗೆ ಟಿಕೆಟ್ಟು, ಇದು ಯಾವ ನ್ಯಾಯ ಎಂದು ಶುರು ಮಾಡಿ, ಹೊಸ ಕೆಲಸ ಕಲಿಸಬೇಕು, ಕಲಿಯುವ ತನಕ ಮನೆ ನಡೆಯಲು ಏನಾದರೂ ಕೊಡಬೇಕು, ವಯಸ್ಸಾಯಿತೆಂದು ತಳ್ಳಬಾರದು ಎಂದು ಬಹಳ ಚೆನ್ನಾಗಿ ಮಾತಾಡಿದರು. ನನಗೇ ಹೆಮ್ಮೆಯಾಯಿತು. ಆದರೆ ಆ 'ಕೆಲಸ ಇಲ್ಲದವರು' ಎಂಬವರು ಎಲ್ಲೋ ದೂರದ ಜಿಲ್ಲೆಯಲ್ಲಿರುವ ಪಾಪದವರು ಎಂಬಂತಿತ್ತು ಅವರ ಧಾಟಿ.

ಹುಡುಗಿ ನಂಜುಂಡನ ಕಡೆ ತಿರುಗಿದಳು. "ಸಾರ್, ನೀವು ಇವರ ಬಾಮೈದ. ಇವರಿಗೆ ಏನು ಸಹಾಯ ಮಾಡಿದ್ರಿ?"

ನಂಜುಂಡ ಎದ್ದೇ ನಿಂತ. "ನಾನಾ? ಭಾವಂಗಾ? ಎಂತಾ ಮಾತು ಆಡ್ತೀಯವ್ವ. ಅವ್ರು ನಮ್ಗೆ ದಾರಿ ತೋರ್ಸೋರು."

"ನಿಮಗೇನು ಕೆಲಸ?"

"ತುರುವೇಕೆರೇಲಿ ಕೊಬ್ರಿ ಗೋಡೌನು."

"ಅಲ್ಲಿಗೆ ಜನ ಬೇಕಾಗಲ್ವಾ?"

"ಬೇಕೇ ಬೇಕು ಕಣವ್ವ. ನಂಬಿಕಸ್ತ ಅಂತ ಒಬ್ಬ ಸಿಗ್ತಿಲ್ಲ. ನಾನು ಹಳ್ಳಿ ಮ್ಯಾಲೆ ಹೋದ್ರೆ ಅಲ್ಲಿ ಹೇಳೋರಿಲ್ಲ ಕೇಳೋರಿಲ್ಲ."

"ಮತ್ತೆ ಇವರನ್ನೇ ಕರೀಬಹುದಲ್ಲ?"

ಇಷ್ಟು ತಿಂಗಳು ಇಡೀ ಬಳಗ ಸುತ್ತಿ ಬಳಸಿ ತಪ್ಪಿಸಿಕೊಂಡಿದ್ದ ಮಾತನ್ನು ಆ ಹುಡುಗಿ ಎಳನೀರಿಗೆ ಸ್ಟ್ರಾ ಹಾಕಿಕೊಳ್ಳುತ್ತಾ ಹೇಳಿಬಿಟ್ಟಳು. ನಂಜುಂಡ ನೆಲ ನೋಡಿದ. ಇವರು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತೆಂದು ನೋಡತೊಡಗಿದರು. ಇವರ ಕಿವಿ ಕೆಂಪಗಾಗಿತ್ತು. ಈಗ ಇವರು 'ಬೇಡ' ಎಂದುಬಿಟ್ಟರೆ ಆ ಮಾತು ಜನ್ಮದಲ್ಲಿ ವಾಪಸು ಬರುವುದಿಲ್ಲ ಎಂದು ನನಗೆ ಗೊತ್ತು. ಮನಸ್ಸಿನಲ್ಲೇ ಗೌರಮ್ಮನನ್ನು ನೆನೆದು ಬಾಯಿ ಹಾಕಿದೆ.

"ಕೆಲಸಕ್ಕೆ ಯಾರು ಕರೆದರು ಬಿಡಮ್ಮ. ಮನೇಲೇ ಕೂತು ಸೊಂಟ ಹಿಡ್ಕೊಂಡಿದೆ ಇವರಿಗೆ. ಗಾಳಿ ಬದಲಾದ ಹಾಗಾಗುತ್ತೆ, ಸುಮ್ನೆ ಹೋಗಿ ಒಂದು ಗಳಿಗೆ ಕೂತಿದ್ದು ಬರ್ತಾರೆ."

ನಂಜುಂಡ ಸಿಕ್ಕಿದ್ದೇ ಸಾಕೆಂದು ಹಿಡಿದುಕೊಂಡ. "ಅದೇ ಕಣಕ್ಕ. ಭಾವ ಬಂದು ಸುಮ್ನೆ ಕೂತ್ರೆ ಸಾಕು, ಗೋಡೌನಿಗೊಂದು ಕಳೆ."

ಇವರು ಕ್ಯಾಲೆಂಡರಿನಿಂದ ಕಣ್ಣು ಕೀಳದೆ, "ಬಿಡುವಾದಾಗ ನೋಡನ ಬುಡು" ಎಂದರು.

ಮಾರನೆಯ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಬಿಡುವಾಗಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಬುತ್ತಿ ಹಿಡಿದು, "ಹಿಂಗೇ ಒಂದು ಸುತ್ತು ಹೋಗ್ಬತ್ತೀನಿ ಕಣೇ" ಎಂದು ದೊಡ್ಡ ರಸ್ತೆಯಲ್ಲೇ ಬಸ್ ಸ್ಟಾಂಡಿಗೆ ಹೋದರು. ಟೀ ಅಂಗಡಿಯವರಿಗೆ ತಾವೇ ಕೈ ಬೀಸಿದರಂತೆ. ನಾನು ಡಬ್ಬಗಳನ್ನೆಲ್ಲ ಹಳೆಯ ಜಾಗಕ್ಕೆ ಇಟ್ಟು, ಅಡ್ಡಾಗಿ, ಗಡಿಯಾರವನ್ನು ನಾನೇ ನೋಡಿಕೊಂಡೆ.

ದಿನಾ ನಡೆಯಿತು ಆ ಸುಮ್ಮನೆ ಕೂರುವುದು. ತಿಂಗಳಾದಾಗ ಹೊಸ ಕಷ್ಟ ಬಂತು. ಸುಮ್ಮನೆ ಕೂತವರಿಗೆ ಸಂಬಳ ಕೊಡುವುದು ಹೇಗೆ? ನಂಜುಂಡ ಒಂದು ಸಂಜೆ ಬಂದು ನಡುಮನೆಯಲ್ಲಿ ಭಾವನ ಎದುರು ಜೇಬು ಮುಟ್ಟಿಕೊಂಡು ಕೂತ, ಎದ್ದ, ಮತ್ತೆ ಕೂತ. ಕಡೆಗೆ ಅಡಿಗೆ ಮನೆಗೆ ಬಂದು ತಟ್ಟೆ ಕೇಳಿದ. ಎಲೆ ಅಡಿಕೆ, ಅರಿಶಿನ ಕುಂಕುಮ, ಒಂದು ರವಿಕೆ ಕಣ, ಅದರ ಮೇಲೆ ಒಂದು ಕವರು ಇಟ್ಟು, "ತಗೋ ಅಕ್ಕ, ಗೌರಿ ಬಾಗಿನ" ಎಂದ.

ಗೌರಿ ಹಬ್ಬಕ್ಕೆ ತಮ್ಮನಾದವನು ಅಕ್ಕನಿಗೆ ಬಾಗಿನದ ದುಡ್ಡು ಕೊಡುವುದು ನಮ್ಮಲ್ಲಿ ಇದ್ದದ್ದೇ. ಆದರೆ ಆಗ ಕಾರ್ತಿಕ ಮಾಸ. "ಹಬ್ಬ ಆಗಿ ಎಷ್ಟು ದಿನ ಆಯ್ತೋ" ಎಂದೆ.

"ಬಾಕಿ ಇತ್ತು ಅಂದ್ಕೋ ಕಣಕ್ಕ."

ನಡುಮನೆಯಲ್ಲಿ ಇವರು ಹಿಂದಿನ ದಿನದ ಪೇಪರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು. ಮುಂದಿನ ತಿಂಗಳು ಮತ್ತೆ ತಟ್ಟೆ ಬಂತು. ಬರುವ ವರ್ಷದ ಹಬ್ಬಕ್ಕೆ ಅಡ್ವಾನ್ಸು ಎಂದ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಹೀಗೆ ನಮ್ಮ ಮನೆಯಲ್ಲಿ ತಿಂಗಳಿಗೊಂದು ಗೌರಿ ಹಬ್ಬ. ರವಿಕೆ ಕಣಗಳು ಬೀರುವಿನಲ್ಲಿ ಹಿಡಿಸುತ್ತಿಲ್ಲ, ಅರಿಶಿನ ಕುಂಕುಮ ನಾನು ಕೊಂಡು ಎಷ್ಟೋ ದಿನವಾಯಿತು.

ರಂಜಿತಾ ಎರಡನೇ ಸಲ ಬಂದಾಗ ಪಾಪ, ಗೊಂದಲಕ್ಕೆ ಬಿದ್ದಳು. "ಈಗ ಕೆಲಸ ಇದೆಯಾ ಸಾರ್?" ಎಂದರೆ ಇವರು "ಇಲ್ಲಮ್ಮ" ಎಂದರು. ದಿನಾ ಎಲ್ಲಿಗೆ ಹೋಗುತ್ತೀರಿ ಎಂದರೆ ನೆಂಟರ ಮನೆಗೆ. ಎಷ್ಟು ಹೊತ್ತು ಎಂದರೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ. ನಂಜುಂಡನಿಗೆ ಫೋನು ಮಾಡಿದಳು. ನಾನು ಯಾರನ್ನೂ ಕೆಲಸಕ್ಕೆ ಇಟ್ಟಿಲ್ಲ ಕಣವ್ವ ಎಂದು ಅವನು ಆಣೆ ಇಟ್ಟ. ಮತ್ತೆ ಮನೆ ಯಾರ ವರಮಾನದಲ್ಲಿ ನಡೆಯುತ್ತಿದೆ ಎಂದು ನನ್ನನ್ನು ಕೇಳಿದಳು. ದೇವರಾಣೆಗೂ ಸುಳ್ಳು ಹೇಳುವವಳಲ್ಲ ನಾನು. "ನನ್ನದೇ ಕಣಮ್ಮ" ಎಂದೆ. ಅವಳು ಪೆನ್ನು ಕೆಳಗಿಟ್ಟು ಇನ್ನೊಂದು ಲೋಟ ಮಜ್ಜಿಗೆ ಕೇಳಿದಳು.

ಇವರ ಮರ್ಯಾದೆ ಉಳಿಯಿತು, ನಂಜುಂಡನ ಗೋಡೌನು ಉಳಿಯಿತು. ಎಲ್ಲವೂ ಗೌರಮ್ಮನ ದಯ. ಆದರೆ ಅವಳ ಲೆಕ್ಕದಲ್ಲಿ ಸ್ವಲ್ಪ ನನ್ನ ಕಡೆಯಿಂದಲೂ ಹೋಗುತ್ತದೆಂದು ಆಮೇಲೆ ಗೊತ್ತಾಯಿತು. ಎದುರುಮನೆ ಜಯಮ್ಮ ಮೊನ್ನೆ, "ತವರು ಅಂದ್ರೆ ನಿಮ್ದು ಕಣ್ರೀ. ಹಿಂಡಿದಷ್ಟೂ ಹಾಲು ಕರೀತದೆ. ನಿಮ್ಮ ಯಜಮಾನ್ರು ಪಾಪ, ಒಂದಿನ ಅದರ ಕಡೆ ತಿರುಗಿ ನೋಡಿದೋರಲ್ಲ" ಎಂದರು. ನಂಜುಂಡನ ಹೆಂಡತಿಯ ತವರಿನವರಂತೂ ನನ್ನನ್ನು ಕಂಡರೆ ಕೈಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೇಳಿದರೆ ಮಾರನೆಯ ದಿನ ಇವರು ಮತ್ತೆ ಈಳಿಗೆಮಣೆಯ ಹಿಂದೆ ಬಂದು ನಿಲ್ಲುತ್ತಾರೆ. ನುಂಗಿಕೊಂಡು ಬರುತ್ತೇನೆ.

ಈ ತಿಂಗಳು ಬಾಗಿನ ತಡವಾಯಿತು. ನಂಜುಂಡನಿಗೆ ಲೋಡಿನ ದುಡ್ಡು ಬಂದಿರಲಿಲ್ಲವೇನೋ. ನಿನ್ನೆ ಸಂಜೆ ನಾನು, 'ಸಾಮಾನು ತರುವುದಿದೆಯಲ್ಲ, ಅವನಿಗೊಂದು ಮಾತು ನೆನಪು ಮಾಡಲೇ' ಎಂದು ಇವರನ್ನು ಕೇಳಿದೆ. ಇವರು ಪೇಪರು ಮಡಿಸಿಟ್ಟು, ಬಹಳ ಗಂಭೀರವಾಗಿ ನನ್ನನ್ನು ನೋಡಿದರು.

"ನೋಡೇ, ಅವನು ತಮ್ಮ ಅಂತ ಪ್ರೀತಿಯಿಂದ ಕೊಟ್ಟಾಗ ಈಸ್ಕೊಳ್ಳೋದು ಬೇರೆ. ಬಾಯಿ ಬಿಟ್ಟು ತವರನ್ನ ಕೇಳೋದು ಚೆನ್ನಾಗಿರಲ್ಲ. ಜನ ನನ್ನನ್ನ ಏನಂದ್ಕೊಂಡಾರು?"

"ಆಯ್ತು ಬಿಡಿ, ಕೇಳಲ್ಲ" ಎಂದು ನಾನು ಅಕ್ಕಿ ಆರಿಸುತ್ತಾ ಕೂತೆ.

ಇವರು ಎದ್ದುಹೋಗಿ ನನ್ನ ಫೋನು ತಂದು, ಕನ್ನಡಕ ಹಾಕಿಕೊಂಡು ನಂಜುಂಡನ ಹೆಸರು ಹುಡುಕಿ ಒತ್ತಿ, ರಿಂಗಾಗುತ್ತಿದ್ದ ಹಾಗೇ ನನ್ನ ಅಕ್ಕಿಯ ಮೊರದಲ್ಲಿ ಇಟ್ಟು, ಮಾತು ಕಿವಿಗೆ ಬೀಳದಿರಲೆಂದು ಹಿತ್ತಲಿಗೆ ಹೋದರು. ನಾನು ಸೆರಗು ಸರಿಮಾಡಿಕೊಂಡು, ಗೌರಮ್ಮನಿಗೆ ಒಂದು ನಮಸ್ಕಾರ ಹಾಕಿ, ಆಸೆಬುರುಕಿ ಅಕ್ಕನ ದನಿ ತೆಗೆದೆ. ಈಚೆಗೆ ಅದು ಬಹಳ ಸಲೀಸಾಗಿ ಬರುತ್ತದೆ.